ರಸ್ತೆ ಪಟ್ಟಿ

ಕಾರಟಗಿ ದಾಟಿ, ಮಿಲ್ಲಿನ ಹೊಗಿ ದಾಟಿ,
ಕಾಲುವಿ ಏರಿ ಇಳಿದರ ನಮ್ಮ ಲೇಔಟು.
ನಕ್ಷೆದಾಗ ಮೂವತ್ತಡಿ ಅಗಲದ ರಸ್ತೆ,
ಕಾಲಡಿ ಬರೇ ಎರಿ ಮಣ್ಣು.
ಬ್ಯಾಸಿಗ್ಯಾಗ ಬಾಯಿ ತೆರಿತೈತಿ,
ಮಳಿ ಬಿದ್ದರ ಚಪ್ಪಲಿ ನುಂಗತೈತಿ.

ಪ್ಲಾಟು ಮಾರಿದಾವ ಫೋನ್ ಎತ್ತಂಗಿಲ್ಲ.
ಪಂಚಾಯ್ತಿಯವರು ಅಂದರು,
ಇನ್ನಾ ನಮಗ ಹಸ್ತಾಂತರ ಆಗಿಲ್ಲ.
ಹಂಗಾರ ಈ ರಸ್ತೆ ಯಾರದು?
ನಡಿಯೋರದು ಅಂದು, ಚಾ ಕುಡಿಸಿ ಕಳಿಸಿದರು.

ಅದಕ್ಕ ಪಟ್ಟಿ ಎತ್ತಾಕ ಕುಂತೀವಿ.
ಪ್ಲಾಟು ಇಪ್ಪತ್ತಾರು, ಮನಿ ಹನ್ನೊಂದು.
ಗರಸು ಆರು ಟಿಪ್ಪರು, ಒಂದಕ್ಕ ಐದು ಸಾವಿರದ ಇನ್ನೂರು,
ಹರವಾಕ ಜೆಸಿಬಿ ಒಂದೂವರಿ ತಾಸು.
ಮನಿಗೆ ಮೂರು ಸಾವಿರ ಬಂತು.
ಪುಸ್ತಕ ನನ್ನ ಕೈಗೆ ಕೊಟ್ಟರು:
"ಲಸ್ಕರ್ ಯಮನೂರಪ್ಪ ಮೂವತ್ತು ವರ್ಷ
ನೀರು ಹಂಚಿದಾವ,
ರೊಕ್ಕ ಕೂಡಿಸೋದೇನು ದೊಡ್ಡದು?"

ಮೊದಲನೇ ಮನಿ ನಂದು, ಮಗ್ಗಲದು ಚಂದುಸಾಬಂದು.
ಅವ ಅಂದ: "ನಾ ತುಳಿಯೋದು ಇಪ್ಪತ್ತು ಹೆಜ್ಜಿ,
ಕೊನೀ ಮನಿಯವ ತುಳಿಯೋದು ಮುನ್ನೂರು.
ಹೆಜ್ಜಿಗಿಷ್ಟು ಅಂತ ಹಾಕ್ರಿ."
ಅಂಗನವಾಡಿ ಟೀಚರು: "ನನಗ ಗಾಡಿ ಇಲ್ಲ.
ನನ್ನ ಕಾಲಿಗೆ ರಸ್ತೆ ಎಷ್ಟು ಸವದೀತು?"
ನೀರಿನ ಟ್ಯಾಂಕರ್ ಇಟ್ಟ ವೀರೇಶ
ಮುಗಿಲು ನೋಡಿದ.
ಖಾಲಿ ಪ್ಲಾಟಿನವರೊಬ್ಬರು ಸಿಂಧನೂರಿನಿಂದ ಫೋನಿನ್ಯಾಗ:
"ನಮ್ಮ ಜಾಲಿ ಗಿಡ ರಸ್ತೆ ಮ್ಯಾಲ ಅಡ್ಡಾಡತಾವೇನು?"

ಪೆನ್ನು ಹಿಡಿದು ಸುಮ್ಮನಾದೆ.
ಈ ಮಾತು ನಾ ಕೇಳಿದ್ದೆ, ತಲಿಕೆಳಗಾಗಿ.
ಕಾಲುವಿಯಾಗ ಮೊದಲಿನವಗ ಎಲ್ಲಾ,
ಕೊನಿಯವಗ ಕೆಸರು.
ರಸ್ತೆ ಅಂದ ಕೂಡ್ಲೆ
ಕೊನಿಯವನ ಎಲ್ಲಾ ಉಣ್ಣಾವ ಅಂತ.
ದೂರ ಇರೋದು ಯಾವಾಗ ಲಾಭ ಆತು?

ಕೊನೀ ಮನಿ ದುರುಗಪ್ಪಂದು,
ಈಗ ಪಂಕ್ಚರ್ ಅಂಗಡಿ.
ಆಗ ಎರಡೆಕರೆ ಇತ್ತು,
ನನ್ನ ಉಪಕಾಲುವಿ ಬಾಲಕ್ಕ.
ಭತ್ತ ತೆನಿ ಹಿಡಿಯೋ ಹೊತ್ತಿನ ಒಂದು ರಾತ್ರಿ
ಶಟರಿನ ಕೀಲಿ ನನ್ನ ಉಡದಾರದಾಗ ಇತ್ತು.
ಮ್ಯಾಲಿನ ಗದ್ದಿಯವರು ಒಂದು ಚೀಲ ಸೋನಾಮಸೂರಿ
ನನ್ನ ಸೈಕಲ್ಲಿಗೆ ತಾವ ಕಟ್ಟಿದರು.
ನಾ ಬ್ಯಾಡ ಅನ್ನಲಿಲ್ಲ.
ಮುಂಜಾನೆ ದುರುಗಪ್ಪ ತೂಬಿನ ಮುಂದ ಕುಂತಿದ್ದ,
ತೊಡಿ ಮ್ಯಾಲ ಸಲಿಕಿ ಅಡ್ಡ ಇಟ್ಟು.
"ನೀರು ಬಿಟ್ಟಿದ್ರೇನು?"
"ಬಿಟ್ಟಿದ್ದೆ."
ಸುಳ್ಳಲ್ಲ.
ಎಲ್ಲಿಗೆ ಅಂತ ಅವ ಕೇಳಲಿಲ್ಲ.

ಮೊನ್ನೆ ಪಟ್ಟಿ ಕೊಡಾಕ ಬಂದ.
ಗ್ರೀಸು ಹತ್ತಿದ ನೋಟು, ಎರಡು ಸಲ ಎಣಿಸಿ ಇಟ್ಟ.
"ಕೊನಿಯವಂದು ಹೆಂಗ ಲೆಕ್ಕ ಹಾಕೀರಿ?"
"ಎಲ್ಲರಿಗೂ ಒಂದ."
"ಇದು ಹೊಸಾದು," ಅಂದ.
ರಸೀದಿ ಕೇಳಿದ.
ಸಹಿ ಹಾಕುವಾಗ ಪೆನ್ನು ಎರಡು ಸಲ ಕೈಕೊಟ್ಟಿತು.
ಅವ ಹೋದ ಮ್ಯಾಲ
ನನ್ನ ಹೆಸರಿನ ಮುಂದ ಆರು ಸಾವಿರ ಬರಕೊಂಡೆ.
ವೀರೇಶಂದು ಖಾಲಿ ಇತ್ತು, ತುಂಬಿತು.
ಯಾರೂ ಕೇಳಲಿಲ್ಲ. ಕೇಳಿದ್ದರ
ಮೂಲಿ ಪ್ಲಾಟು, ಜಾಸ್ತಿ ಬರತೈತಿ ಅಂತಿದ್ದೆ.

ಇವತ್ತ ಟಿಪ್ಪರು ಬಂತು.
"ಎಲ್ಲಿ ಸುರೀಲಿ?"
"ಕೊನಿಯಿಂದ ಶುರು ಮಾಡು."
ಚಂದುಸಾಬ ನನ್ನ ನೋಡಿದ.
ನಾ ಟಿಪ್ಪರು ನೋಡಿದೆ.
ಹತ್ತು ಹೆಜ್ಜಿ ಹೋತು ಅಷ್ಟ,
ನನ್ನ ಬಾಗಿಲ ಮುಂದಿನ ಎರಿಯಾಗ
ಹಿಂದಿನ ಗಾಲಿ ಅರ್ಧ ಮುಳುಗಿತು.
"ಇಲ್ಲಿ ಹಾಕದ ಅಲ್ಲಿಗೆ ಹೆಂಗ ಹೋಗಲಿ ಯಜಮಾನ್ರ?"
ಡ್ರೈವರ್ ಇಳಿದು ಬೀಡಿ ಹಚ್ಚಿದ.

ಮುನ್ನೂರು ಹೆಜ್ಜಿ ಆಚಿಂದ ದುರುಗಪ್ಪ ಬಂದ,
ಹೆಗಲ ಮ್ಯಾಲ ಜ್ಯಾಕು, ಕೈಯಾಗ ಸಲಿಕಿ.
ಮಣಕಾಲೂರಿ ಗಾಲಿ ನೋಡಿದ, ಆಮ್ಯಾಲ ನನ್ನ.
"ಮೊದಲನೇ ಬುಟ್ಟಿ ಇವತ್ತೂ
ನಿಮ್ಮ ಕಡೇನ ಬೀಳತೈತಿ, ಲಸ್ಕರ್ರ,"
ಅಂದು ನಕ್ಕ.

ಆ ನಗಿ ಗಾಲಿ ನೋಡಿ ಬಂದದ್ದೋ
ಆ ರಾತ್ರಿಯಿಂದ ಬಂದದ್ದೋ ತಿಳೀಲಿಲ್ಲ.
ಪುಸ್ತಕ ಕಟ್ಟಿ ಮ್ಯಾಲ ಇಟ್ಟು
ಇನ್ನೊಂದು ಸಲಿಕಿ ಹುಡುಕಾಕ ಒಳಗ ಹೋದೆ.